ಮೆತೋದಿಯ ಪಾಲಿಗೆ ಬಂದ ಹಂದಿ

ಬುಧವಾರ ಬೆಳಿಗ್ಗೆ ಮೆತೋದಿ ತನ್ನ ಮೇಕೆಯನ್ನು "ಸಾರಿಗೆ ಉಪ್ಪು ಸಾಕೇನೇ?" ಎಂದು ಕೇಳಿದ್ದೇ ತಪ್ಪಾಯಿತು. ಬೇಲಿಯಾಚೆ ಪಕ್ಕದ ಮನೆಯ ದೊಬ್ರಿಂಕಾ ಬಟ್ಟೆ ಒಣಹಾಕುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬಿದ್ದಂತೆಯೇ. ಹೆಂಡತಿ ವೆಲಿಚ್ಕಾ ತೀರಿಕೊಂಡು ಎರಡು ತಿಂಗಳಾಗಿದೆಯಷ್ಟೇ, ಆಗಲೇ ಮೆತೋದಿಗೆ ತಲೆ ಕೆಟ್ಟಿದೆ ಎಂದು ಸಂಜೆಯೊಳಗೆ ತೀರ್ಮಾನವಾಯಿತು.

ತಲೆ ಕೆಟ್ಟಿರಲಿಲ್ಲ. ಮೂವತ್ತೆಂಟು ವರ್ಷ ಊಟದ ಹೊತ್ತಿಗೆ ಎದುರಿಗೆ ಕೂತು ಬೈಯಲು ಒಬ್ಬಳಿದ್ದಳು, ಈಗ ಇಲ್ಲ. ಒಂದು ಹೊತ್ತಾದರೂ ನಾಲ್ಕು ಜನರ ಜೊತೆ ಕೂತು ಉಣ್ಣಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ. ಅದನ್ನು ಬಾಯಿಬಿಟ್ಟು ಕೇಳಲು ಅರವತ್ತೆರಡರ ಗಂಡಸಿಗೆ ನಾಚಿಕೆ.

ಭಾನುವಾರ ನಸುಕಿನಲ್ಲೇ ದೊಬ್ರಿಂಕಾಳ ಗಂಡ ಗೋಚೋ ಬಾಗಿಲು ಬಡಿದ.

"ಏಳೋ, ಹಂದಿ ಬೇಟೆಗೆ ಹೋಗೋಣ. ಒಬ್ನೇ ಕೂತು ಕೂತು ಮಂಕಾಗಿದೀಯ. ಜನರ ಮಧ್ಯೆ ಇದ್ರೆ ಮನಸ್ಸು ಹಗುರಾಗತ್ತೆ."

ಜನರ ಮಧ್ಯೆ ಎಂದದ್ದೇ ತಡ, ಮೆತೋದಿ ಅಟ್ಟದಿಂದ ಕೋವಿ ಇಳಿಸಿದ.

ಬೇಟೆ ತಂಡದ ಯಜಮಾನ ದೆಂಚೋ ತನ್ನನ್ನೂ ಸೇರಿಸಿ ಏಳು ಜನರನ್ನು ಗುಡ್ಡದ ನೆತ್ತಿಯುದ್ದಕ್ಕೂ ಇನ್ನೂರು ಹೆಜ್ಜೆಗೊಬ್ಬರಂತೆ ನಿಲ್ಲಿಸಿದ.

"ಮೆತೋದಿ, ನೀನು ಈ ಓಕ್ ಮರದ ಕೆಳಗೆ. ಮಾತಾಡ್ಬಾರ್ದು, ಕೆಮ್ಮಬಾರ್ದು, ಅಲ್ಲಾಡ್ಬಾರ್ದು."

"ಎಷ್ಟೊತ್ತು ದೆಂಚಣ್ಣ?"

"ಹಂದಿ ಬರೋವರ್ಗೂ."

ಒಂಟಿತನ ಕಳೆಯಲೆಂದು ಕರೆತಂದು ಕಾಡಿನಲ್ಲಿ ಒಂಟಿಯಾಗಿ ನಿಲ್ಲಿಸಿದ್ದರು! ಮನೆಯಲ್ಲಾದರೂ ಮೇಕೆ ಇತ್ತು. ನಾಲ್ಕು ಗಂಟೆ ಕಾಲ ಇಬ್ಬನಿ ಅವನ ಟೋಪಿಯ ಮೇಲೆ ಹೆಪ್ಪುಗಟ್ಟಿತು. ವೆಲಿಚ್ಕಾ ಇದ್ದಿದ್ದರೆ ದಪ್ಪ ಕಾಲುಚೀಲ ಹಾಕಿಕೊಳ್ಳದೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ ಎಂದು ನೆನಪಾಯಿತು. ಅಷ್ಟಕ್ಕೇ ಅಳು ಬಂತು. ಸದ್ದು ಮಾಡುವ ಹಾಗಿಲ್ಲದ್ದರಿಂದ ಸದ್ದಿಲ್ಲದೆ ಅತ್ತ.

ಆಗಲೇ ನಾಯಿಗಳು ಬೊಗಳಿದವು. ಬೀರು ಮೆಟ್ಟಿಲ ಮೇಲಿಂದ ಉರುಳಿದ ಹಾಗೆ ಹಂದಿ ನುಗ್ಗಿ ಬಂತು. ಬೆಚ್ಚಿದ ಮೆತೋದಿಯ ಕೋವಿಯಿಂದ ಗುಂಡು ಆಕಾಶಕ್ಕೆ ಹಾರಿ, ಓಕ್ ಮರದ ಕೊಂಬೆಯೊಂದು ಅವನ ಟೋಪಿಯ ಮೇಲೇ ಬಿತ್ತು. ಅದೇ ಕ್ಷಣ ಗೋಚೋನ ಕೋವಿಯೂ ಸಿಡಿಯಿತು. ಹಂದಿ ಉರುಳಿತು.

ಎಲ್ಲರೂ ಸೇರಿದರು. ಹಂದಿಯ ಮೈಯಲ್ಲಿ ಒಂದೇ ತೂತು.

"ಹೊಡೆದವನ ಮನೇಲಿ ಸಂಜೆ ಎಲ್ಲರಿಗೂ ಊಟ," ಎಂದು ದೆಂಚೋ ತಂಡದ ಕಟ್ಟಳೆಯನ್ನು ನೆನಪಿಸಿದ. "ಯಾರ್ದಪ್ಪ ಗುಂಡು?"

ಮೆತೋದಿಯ ಕಣ್ಣ ಮುಂದೆ ತನ್ನ ಅಡುಗೆಮನೆಯ ಮೇಜಿನ ಸುತ್ತ ಏಳು ಜನ ಕೂತು ಗದ್ದಲ ಮಾಡುವುದು ಕಾಣಿಸಿತು.

"ನಂದು!" ಎಂದು ಕಿರುಚಿದ.

"ಲೋ, ನಿನ್ ಗುಂಡು ಮರಕ್ಕೆ ಬಿತ್ತಲ್ಲೋ," ಎಂದ ಗೋಚೋ. "ಟೋಪಿ ಮೇಲೆ ಕೊಂಬೆ ಇನ್ನೂ ಇದೆ."

"ಕೊಂಬೆಗೆ ತಾಗಿ ಹಂದಿಗೆ ಹೋಯ್ತು."

"ಹಂದಿ ಈ ಕಡೆ ಇತ್ತಲ್ಲೋ!"

"ತಿರುಗಿಕೊಂಡು ಹೋಯ್ತು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಂಡತಿಗೇ ಒಂದು ದಿನವೂ ಎದುರಾಡದ ಮೆತೋದಿ ಮರಿಗಳ ಮುಂದೆ ನಿಂತ ಕೋಳಿಯಂತೆ ಹಂದಿಯ ಮುಂದೆ ನಿಂತಿದ್ದ. ಗೋಚೋ ಗೆಳೆಯನ ಒದ್ದೆ ಕಣ್ಣು ನೋಡಿದ. ಅವನ ನಗು ನಿಂತಿತು.

"ನಾನು ನೋಡ್ದೆ ದೆಂಚಣ್ಣ. ಗುಂಡು ಮೆತೋದೀದೇ. ಕೋವಿ ಆಣೆ."

"ಆಣೆ ಬಿತ್ತು, ಮುಗೀತು," ಎಂದ ದೆಂಚೋ.

ಇಳಿಜಾರಿನ ಉದ್ದಕ್ಕೂ ಮೆತೋದಿ ಕುರ್ಚಿ ಎಣಿಸಿದ. ಎರಡು ಕಡಿಮೆ ಬಿದ್ದವು. ಪೆಟ್ಟಿಗೆಯಾದರೂ ಆದೀತು. ಊರು ಮುಟ್ಟಿ ಮಾಂಸ ಪಾಲು ಮಾಡುವಾಗ ಕೇಳಿದ, "ಎಷ್ಟೊತ್ತಿಗೆ ಬರ್ತೀರಿ?"

ಆರೂ ಜನ ತಂತಮ್ಮ ಬೂಟು ನೋಡಿಕೊಂಡರು.

"ಎಂಥಾ ಮಾತೋ," ಎಂದ ದೆಂಚೋ ಮೆಲ್ಲಗೆ. "ನಿನ್ ಬಾಗಿಲಿಗೆ ಇನ್ನೂ ಕಪ್ಪು ಪಟ್ಟಿ ಇದೆ. ವರ್ಷ ತುಂಬದ ಸಾವಿನ ಮನೇಲಿ ಕುಡಿದು ತಿಂದು ಮಾಡೋಕಾಗತ್ತಾ?"

"ಹಾಗಾದ್ರೆ ಗೋಚೋ ಮನೇಲಿ..."

"ಒಬ್ಬನ ಬೇಟೆ ಊಟ ಇನ್ನೊಬ್ಬನ ಮನೇಲಾ? ಕಾಡು ಮುನಿಯತ್ತೆ. ಈ ಸಲ ಊಟ ಇಲ್ಲ. ಅವರವರ ಪಾಲು ಅವರವರ ಮನೆಗೆ."

ಮೆತೋದಿ ಗೋಚೋನನ್ನು ಪಕ್ಕಕ್ಕೆಳೆದ. "ಆ ಗುಂಡು ನಂದಲ್ಲ ಕಣೋ."

"ಗೊತ್ತು."

"ಹೇಳ್ಬಿಡೋಣ."

"ಕೋವಿ ಆಣೆ ಇಟ್ಟಿದೀನಿ ಮಾರಾಯ! ಸುಳ್ಳು ಅಂತಾದ್ರೆ ನನ್ನನ್ನ ತಂಡದಿಂದ ಆಚೆ ಹಾಕ್ತಾರೆ." ಗೋಚೋ ನಿಟ್ಟುಸಿರುಬಿಟ್ಟ. "ನಿಜ ಹೇಳ್ತೀನಿ ಕೇಳು. ನಾನು ಹೊಡೆದು, ನಮ್ಮನೇಲಿ ಊಟ ಇಟ್ಟು, ನಿನ್ನನ್ನ ಎಲ್ಲರ ನಡುವೆ ಕೂರಿಸ್ಕೋಬೇಕು ಅಂತಿದ್ವಿ. ದೊಬ್ರಿಂಕಾ ನಿನ್ನೆಯಿಂದ ಒಲೆ ಮುಂದೇನೇ ಇದಾಳೆ. ಇನ್ನೇನು, ಮಾಡಿದ ಅಡುಗೆ ಕಟ್ಕೊಂಡು ಅವಳ ತಂಗಿ ಮನೆಗೆ ಹೋಗ್ತೀವಿ."

ನಾನೂ ಬರಲಾ ಎಂಬ ಮಾತು ಮೆತೋದಿಯ ನಾಲಿಗೆಯ ತುದಿಯವರೆಗೂ ಬಂತು.

ಅಷ್ಟರಲ್ಲಿ ಗೋಚೋ ಅವನ ಬೆನ್ನು ತಟ್ಟಿದ. "ಹೋಗ್ಲಿ ಬಿಡು. ಹಂದಿಗೋಸ್ಕರ ನೀನು ಜಗಳ ಆಡಿದ್ದು ನೋಡಿ ನಮಗೆಲ್ಲ ಎಷ್ಟು ಸಮಾಧಾನ ಆಯ್ತು ಗೊತ್ತಾ? ಇವನು ಚೇತರಿಸ್ಕೊಂಡ, ಇನ್ನು ನಾವು ಹಿಂದೆ ಹಿಂದೆ ಬಿದ್ದು ಕಾಟ ಕೊಡೋದು ಬೇಡ ಅಂತ ಮಾತಾಡ್ಕೊಂಡ್ವಿ. ಸರಿ ತಾನೆ?"

"ಸರಿ," ಎಂದ ಮೆತೋದಿ.

ಹೊಡೆದವನಿಗೆ ಸಲ್ಲಬೇಕಾದದ್ದೆಂದು ದೆಂಚೋ ಅವನಿಗೆ ಎರಡು ಪಾಲು ಹೆಚ್ಚೇ ಕೊಟ್ಟಿದ್ದ. ಏಳು ಜನ ಹೊಟ್ಟೆ ತುಂಬ ಉಣ್ಣುವಷ್ಟು ಮಾಂಸ ಹೊತ್ತು ಮೆತೋದಿ ಮನೆಗೆ ಹೋದ, ಮೇಜಿನ ಮೇಲೆ ಒಂದು ತಟ್ಟೆ ಇಟ್ಟುಕೊಂಡ.