ದೊಡ್ಡಮ್ಮ ವಾಪಸ್ ಕೊಟ್ಟ ಶಾಲು

ನಮ್ಮ ದೊಡ್ಡಮ್ಮನನ್ನು ಖುಷಿಪಡಿಸುವುದು ಬಲು ಸುಲಭ. ಅವರದೊಂದು ತಪ್ಪು ಹುಡುಕಿ ಕೊಟ್ಟರಾಯಿತು! ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ "ಹೌದಾ? ಎಷ್ಟು ಹೆಚ್ಚು?" ಎಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಇಂಥವರ ಜೊತೆ ಜಗಳವಾದರೂ ಆಡುವುದು ಹೇಗೆ ಹೇಳಿ?

ಸುರತ್ಕಲ್ಲಿನಲ್ಲಿದ್ದುಕೊಂಡು ಗಣಿತದಲ್ಲಿ ಸಂಶೋಧನೆ ಮಾಡುವವರು ಅವರು. ವಿಷಯ, ಗಂಟುಗಳು. ಯಾವ ಗಂಟು ಕತ್ತರಿಸದೆ ಬಿಚ್ಚುತ್ತದೆ, ಯಾವುದು ಏನು ಮಾಡಿದರೂ ಬಿಚ್ಚುವುದಿಲ್ಲ ಎಂದು ತೋರಿಸಿಕೊಡುವುದು. "ಇದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಅಜ್ಜಿ ಕೊನೆಯವರೆಗೂ ಕೇಳುತ್ತಿದ್ದರು. ಆದರೆ ಲಂಗದ ಲಾಡಿ ಕಗ್ಗಂಟಾದರೆ ಮಾತ್ರ ದೊಡ್ಡಮ್ಮನ ಹತ್ತಿರ ಹೋಗಬೇಡಿ. ಕತ್ತರಿ ತರುತ್ತಾರೆ!

ಮೇಜಿನ ಮುಂದೆ ಕೂತರೆ ಅವರಿಗೆ ಲೆಕ್ಕ ಹತ್ತುವುದಿಲ್ಲ; ಓಡುವ ಸಿಟಿ ಬಸ್ಸಿನ ಕಿಟಕಿ ಸೀಟೇ ಆಗಬೇಕು. ಕುದ್ರೋಳಿಯ ನಮ್ಮ ಮನೆಗೆಂದು ಹೊರಟವರು, ಇಳಿಯಲು ಮರೆತು ಅದೇ ಬಸ್ಸಿನಲ್ಲಿ ಸುರತ್ಕಲ್ಲಿಗೆ ಮರಳಿದ್ದುಂಟು. ಕಂಡಕ್ಟರಿಗೂ ಅಭ್ಯಾಸವಾಗಿತ್ತು.

"ಎಂತ ಮೇಡಂ, ಇಳೀತೀರಾ, ಅಲ್ಲ ಲೆಕ್ಕ ಬಾಕಿ ಉಂಟಾ?"

"ಬಾಕಿ ಉಂಟು ಮಾರಾಯ್ರೆ, ಇನ್ನೊಂದು ಟಿಕೆಟ್ ಕೊಡಿ."

ಹೀಗೆ ವರ್ಷಗಟ್ಟಲೆ ಬಸ್ಸಿನಲ್ಲಿ ತಿರುಗಿ, ಯಾರಿಗೂ ಬಗ್ಗದ ಒಂದು ಸಮಸ್ಯೆಯನ್ನು ಅವರು ಬಿಡಿಸಿದರು. ನಮ್ಮ ಬೀದಿಯ ಸಂಘದವರು ಬಿಡುತ್ತಾರೆಯೇ? ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ! ಮುಂದಿನ ಸಾಲಿನಲ್ಲಿ ನಾನು ಹೊಸ ಸೀರೆಯುಟ್ಟು ಕೂತಿದ್ದೆ. ದೊಡ್ಡಮ್ಮ ಮೈಕ್ ಹಿಡಿದರು.

"ಈಗ ಬಸ್ಸಿನಲ್ಲಿ ಬರುವಾಗ ಗೊತ್ತಾಯ್ತು, ನನ್ನ ಉತ್ತರದಲ್ಲಿ ಒಂದು ತೂತು ಉಂಟು. ಅದು ಮುಚ್ಚುವವರೆಗೆ ಈ ಶಾಲು ನಿಮ್ಮ ಹತ್ತಿರವೇ ಇರಲಿ."

ಅಧ್ಯಕ್ಷರು ಬೆವರಿದರು. "ಇಟ್ಕೊಳ್ಳಿ ಮೇಡಂ, ಇಲ್ಲಿ ಯಾರಿಗೂ ಗೊತ್ತಾಗುದಿಲ್ಲ."

"ನನಗೆ ಗೊತ್ತಾಯ್ತಲ್ಲ?"

ಹಣ್ಣಿನ ಬುಟ್ಟಿಯನ್ನೂ ವಾಪಸ್ ಕೊಟ್ಟರು! ಅದರಲ್ಲಿ ಒಳ್ಳೆಯ ಅನಾನಸು ಇತ್ತು. ನನಗೆ ಸಿಟ್ಟು ಬಂತು ನಿಜ, ಆದರೆ ಅಷ್ಟು ಹೆಮ್ಮೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.

ಆಮೇಲೆ ದೊಡ್ಡಮ್ಮ ಮಂಕಾದರು. ಲೋಕದ ಗಣಿತಜ್ಞರಿಗೆಲ್ಲ ತಾವೇ ಬರೆದು ತಪ್ಪೊಪ್ಪಿಕೊಂಡಿದ್ದರು. ನಿವೃತ್ತಿ ಹತ್ತಿರ ಬರುತ್ತಿತ್ತು, ತೂತು ಮುಚ್ಚುತ್ತಿರಲಿಲ್ಲ. ಕಂಡಕ್ಟರ್ ಕೂಡ ತಮಾಷೆ ಬಿಟ್ಟು ಸುಮ್ಮನೆ ಟಿಕೆಟ್ ಹರಿದು ಕೊಡತೊಡಗಿದ.

ಮೊನ್ನೆ ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಏದುಸಿರು ಬಿಡುತ್ತಾ ಬಂದರು.

"ಮುಚ್ಚಿತು ಮಾರಾಯ್ತಿ! ಪರೀಕ್ಷೆ ಮಾಡಿದವರಿಗೆ ಒಂದು ತಪ್ಪೂ ಸಿಗಲಿಲ್ಲವಂತೆ." ಆಮೇಲೆ ಮೆಲ್ಲಗೆ, "ಆ ಶಾಲು ಈಗ ಉಂಟಾ?"

ಎಲ್ಲಿಯ ಶಾಲು! ಸಂಘದವರು ಅದನ್ನು ಆಗಲೇ ಇನ್ಯಾರಿಗೋ ಹೊದಿಸಿಯಾಗಿತ್ತು. ನಾನು ತಂತಿಯ ಮೇಲಿದ್ದ, ಮೈ ಒರೆಸುವ ಬೈರಾಸನ್ನೇ ಎಳೆದು ಅವರ ಹೆಗಲಿಗೆ ಹೊದಿಸಿ, ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ.

"ಒದ್ದೆ ಉಂಟಲ್ಲ!" ಎಂದು ನಕ್ಕರು. ನಗುತ್ತಾ ನಗುತ್ತಾ ಅತ್ತುಬಿಟ್ಟರು.

ಸಂಜೆ ಬಸ್ಸು ಹತ್ತುವಾಗಲೂ ಅದು ಹೆಗಲ ಮೇಲೆಯೇ ಇತ್ತು. "ಬೈರಾಸು ಕೊಡಿ ದೊಡ್ಡಮ್ಮ" ಎಂದು ಕೈ ಚಾಚಿದೆ.

"ಇದನ್ನು ವಾಪಸ್ ಕೊಡುದಿಲ್ಲ" ಎಂದರು.