ಕಾಕಾ ಶಿಫಾರಸು ಮಾಡುವ ಜಪಾನಿ ಹಾಡುಗಳು

ವಿಜಯಪುರದಲ್ಲಿ ಜಪಾನಿ ಭಾಷೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನಮ್ಮ ಕಾಕಾನ ಕಣ್ಣಿಗೆ ಬೀಳಬೇಡಿ. ಬಿದ್ದಿರೋ, ಅಂದಿನ ಊಟ ನಿಮ್ಮ ಮನೆಯಲ್ಲಿ ಆಗುವುದಿಲ್ಲ! ಜೋರಾಪುರ ಪೇಟೆಯ ತಮ್ಮ ಮನೆಯ ಕಟ್ಟೆಯ ಮೇಲೆ ನಿಮ್ಮನ್ನು ಕೂರಿಸಿ, ಜಪಾನಿನ ಒಂದು ರಾಕ್ ತಂಡದ ಹಾಡುಗಳನ್ನು ಒಂದೊಂದಾಗಿ ಶಿಫಾರಸು ಮಾಡಿ, ಕೇಳಿಸಿಯೇ ಬಿಡುತ್ತಾರೆ. ಆ ತಂಡದ ಹೆಸರನ್ನು ಕಾಕಾ ಉಚ್ಚರಿಸಿದಂತೆ ಇಲ್ಲಿ ಬರೆದರೆ ಜಪಾನಿನವರು ನನ್ನ ಮೇಲೆ ಕೇಸು ಹಾಕಿಯಾರು. ಆದ್ದರಿಂದ ಬಿಟ್ಟಿದ್ದೇನೆ.

ಹಾಗಾದರೆ ಕಾಕಾನಿಗೆ ಜಪಾನಿ ಬರುತ್ತದೆಯೇ? ಒಂದಕ್ಷರ ಇಲ್ಲ. ಸಂಗೀತ? ಅದೂ ಅಷ್ಟಕ್ಕಷ್ಟೇ. ಅವರಿಗೆ ಚೆನ್ನಾಗಿ ಬರುವುದು ದ್ರಾಕ್ಷಿ ಒಂದೇ. ತಿಕೋಟಾದ ಹತ್ತಿರ ಅವರದೊಂದು ದ್ರಾಕ್ಷಿ ತೋಟ, ಅದರ ಪಕ್ಕದಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು. ಈ ಹುಚ್ಚು ಹತ್ತಿದ್ದೂ ದ್ರಾಕ್ಷಿಯಿಂದಲೇ. ಬಳ್ಳಿ ಕತ್ತರಿಸುವ ಕೆಲಸಕ್ಕೆ ನಮ್ಮ ಕಡೆ ಚಾಟ್ನಿ ಅನ್ನುತ್ತಾರೆ. ಜಪಾನಿನ ರೈತರು ಹೇಗೆ ಚಾಟ್ನಿ ಮಾಡುತ್ತಾರೆಂದು ಕಾಕಾ ಮೊಬೈಲಿನಲ್ಲಿ ನೋಡುತ್ತಿದ್ದರು. ಅದು ಮುಗಿದದ್ದೇ ತಡ, ಮೊಬೈಲು ತಾನಾಗಿಯೇ ಮುಂದಿನದನ್ನು ಶುರುಮಾಡಿತು. ಉದ್ದ ಕೂದಲಿನ ಹುಡುಗರು, ಗಿಟಾರು, ಡ್ರಮ್ಮು! ಇನ್ನೇನು ಕತ್ತರಿ ತೆಗೆಯುತ್ತಾರೆ ಎಂದು ಕಾಕಾ ಇಡೀ ಹಾಡನ್ನು ಕಣ್ಣು ಮಿಟುಕಿಸದೆ ನೋಡಿದರಂತೆ.

"ಅವ್ರ ಕೂದಲಾ ನೋಡಿ, ಮೊದಲ ಇವ್ರಿಗೇ ಚಾಟ್ನಿ ಆಗಬೇಕಿತ್ತು ಅನಿಸ್ತು," ಎಂದು ಆಮೇಲೆ ನನ್ನ ಮುಂದೆ ಹೇಳಿದರು. "ಆದ್ರ ಆ ಡ್ರಮ್ಮಿನ ಏಟು ಐತಲ್ಲ ತಮ್ಮಾ, ಎದಿಗೆ ಬಂದು ಬಡೀತು."

ಅಂದಿನಿಂದ ಊರಿನ ನೆಮ್ಮದಿ ಹೋಯಿತು. ಬೇರೆಯವರ ಕಾಕಂದಿರು ಬೆಳಗಾದರೆ ವಾಟ್ಸಾಪಿನಲ್ಲಿ ಗುಲಾಬಿ ಹೂವು ಕಳಿಸಿದರೆ ನಮ್ಮವರು ಹಾಡು ಕಳಿಸುತ್ತಾರೆ. ಜೊತೆಗೆ ಪಥ್ಯವೂ ಉಂಟು: ಚಹಾ ಕುಡಿಯುವ ಮೊದಲು ಕೇಳಬಾರದು, ಮಲಗಿಕೊಂಡು ಕೇಳಬಾರದು. ಹಾಡುಗಳ ನಿಜವಾದ ಹೆಸರು ನಾಲಿಗೆಗೆ ಹೊರಳದ್ದರಿಂದ ತಾವೇ ನಾಮಕರಣ ಮಾಡಿದ್ದಾರೆ. ಒಂದು 'ಔಷಧಿ ಹೊಡಿಯೂ ಹಾಡು'. ಇನ್ನೊಂದು 'ಅತ್ತಿ-ಸೊಸಿ ಜಗಳ'. ನನ್ನ ಪಾಲಿಗೆ ಶಿಫಾರಸಾದದ್ದು 'ಟ್ರ್ಯಾಕ್ಟರ್ ಚಾಲೂ ಆಗವಲ್ದು'. ಕೇಳಿದರೆ ಹೆಸರಿನಲ್ಲಿ ಲವಲೇಶವೂ ತಪ್ಪಿಲ್ಲ ಎಂದು ನಿಮಗೂ ಅನ್ನಿಸುತ್ತದೆ!

ಹಾಡು ಮುಗಿದ ಮೇಲೆ ಚೆನ್ನಾಗಿತ್ತೇ ಎಂದು ಮಾತ್ರ ಅವರು ಕೇಳುವುದಿಲ್ಲ. "ಎಲ್ಲಿ ಬಡೀತು? ಕಿವಿಗೋ, ಎದಿಗೋ?" ಎಂಬುದೊಂದೇ ಪ್ರಶ್ನೆ. ಕಿವಿಗೆ ಅಂದರೆ ಮುಖ ಬಾಡುತ್ತದೆ, ಆ ಹಾಡು ಅಲ್ಲಿಗೆ ರದ್ದು. ಎದೆಗೆ ಅಂದರೆ ಕಣ್ಣರಳಿಸಿ, ನಾವು ಇನ್ನೂ ಏನೋ ಹೇಳಲಿದ್ದೇವೆ ಎಂಬಂತೆ ಕಾಯುತ್ತಾರೆ. ಏನು ಹೇಳಬೇಕಿತ್ತು ನಾವು? ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ.

"ಒಬ್ಬರರೆ 'ಇನ್ನೊಂದು ಹಚ್ರಿ' ಅನ್ನಬೇಕ ನೋಡು," ಅಂದರು. "ಅಷ್ಟಾದ್ರ ನನ್ನ ಕೆಲಸ ಆತು."

ಪಾಪ, ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ನನ್ನ ತಂಗಿಯ ಮದುವೆ ಮಾತಿಗೆಂದು ಬಬಲೇಶ್ವರಕ್ಕೆ ಹೋದಾಗಲೂ ಪ್ರಯತ್ನ ನಡೆಯಿತು. ಹುಡುಗನ ಕಡೆಯ ಹಿರಿಯರೊಬ್ಬರು, ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳಬಾರದಿತ್ತು, ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಕಾಕಾ 'ಅತ್ತಿ-ಸೊಸಿ ಜಗಳ' ಹಚ್ಚಿದರು. ಹಿರಿಯರು ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತೆಂದು ಹೊರಗೆ ಓಡಿದರು. ಆದರೂ ಬೀಗರು ದೊಡ್ಡ ಮನಸ್ಸಿನವರು, ಸಂಬಂಧಕ್ಕೆ ಒಪ್ಪಿದರು. ಷರತ್ತು ಒಂದೇ: ಮದುವೆಗೆ ವಾದ್ಯ ನುಡಿಸುವ ವಾಜಂತ್ರಿಯವರನ್ನು ತಾವೇ ಕರೆತರುತ್ತೇವೆ ಎಂದರು.

ಈ ಗದ್ದಲದಿಂದ ಪಾರಾದವರು ಕಾಕಾನ ಹೆಂಡತಿ ಕಾಕು ಒಬ್ಬರೇ ಎಂದು ನಾವು ನಗುತ್ತಿದ್ದೆವು. ಅವರಿಗೆ ಕೆಲವು ವರ್ಷಗಳಿಂದ ಕಿವಿ ಮಂದ. ಒಂದು ಕಾಲಕ್ಕೆ ನಮ್ಮ ಮನೆತನದ ಯಾವ ಮದುವೆಯಲ್ಲೂ ಸೋಬಾನೆ ಪದ ಎತ್ತುವವರು ಅವರೇ. ಕಿವಿ ಹೋದ ಮೇಲೆ ಮೊದಲು ಹಾಡು ಬಿಟ್ಟರು, ಆಮೇಲೆ ಮದುವೆಗೆ ಹೋಗುವುದನ್ನೇ ಬಿಟ್ಟರು. ಕೊನೆಗೆ ಕಟ್ಟೆಯ ಮೇಲೆ ಕೂರುವುದೂ ನಿಂತಿತು. ಎಲ್ಲರನ್ನೂ ಏನು, ಏನು ಎಂದು ಕೇಳಿ ಅವರಿಗೂ ಸಾಕಾಗಿತ್ತು. ಕಿವಿಯ ಯಂತ್ರ ತಂದುಕೊಟ್ಟರೆ ಅದು ಸೀಟಿ ಹೊಡೆಯುತ್ತದೆಂದು ಕಪಾಟಿನಲ್ಲಿಟ್ಟರು. ಕಾಕಾ ಅದನ್ನು ಹಾಕಿಕೋ ಎಂದು ಒತ್ತಾಯ ಮಾಡಿದ್ದನ್ನು ನಾನು ನೋಡಿಲ್ಲ.

ಕಳೆದ ವರ್ಷ ಕಾಕಾ ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋಗಿ ಹೊಸ ಕಿತಾಪತಿ ಶುರುಮಾಡಿದರು. ಭಾರಿ ಸ್ಪೀಕರ್ ಒಂದನ್ನು ಶೆಡ್ಡಿನ ಕಬ್ಬಿಣದ ಕಂಬಕ್ಕೇ ನಟ್ಟು ಬೋಲ್ಟು ಹಾಕಿ ಬಿಗಿಯಬೇಕಂತೆ! ಗೋಡೆಗೆ ತೂಗುಹಾಕಿದರೆ ಸಾಲದೇ ಎಂದು ವೆಲ್ಡಿಂಗ್‌ನವನು ಕೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಒಣಹಾಕಿದ ದ್ರಾಕ್ಷಿಗೆ ಬರುವ ಹಕ್ಕಿ ಓಡಿಸಲಿಕ್ಕೆ ಇರಬೇಕೆಂದು ನಾವು ತೀರ್ಮಾನಿಸಿದೆವು. ಹಕ್ಕಿಗಳಾದರೋ ವಾರ ಕಳೆಯುವುದರೊಳಗೆ ಸ್ಪೀಕರಿನ ಮೇಲೆಯೇ ಕೂತು ದ್ರಾಕ್ಷಿ ತಿನ್ನತೊಡಗಿದವು.

ಈ ಸಲದ ಹಂಗಾಮಿನಲ್ಲಿ ಒಣದ್ರಾಕ್ಷಿ ತರಲೆಂದು ಒಂದು ಮಧ್ಯಾಹ್ನ ತಿಕೋಟಾಕ್ಕೆ ಹೋಗಿದ್ದೆ. ದೂರದಿಂದಲೇ ಡ್ರಮ್ಮಿನ ಸದ್ದು ಬರುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಹೋಗಿ ನಿಂತೆ. ಒಳಗೆ ಕಾಕು! ದ್ರಾಕ್ಷಿಯ ತೊಟ್ಟು ಆರಿಸುವ ನೆಪದಲ್ಲಿ ಕಾಕಾ ಅವರನ್ನು ಮನೆಯಿಂದ ಹೊರಡಿಸಿ ಕರೆತಂದಿದ್ದರು. ದ್ರಾಕ್ಷಿ ತುಂಬಿದ ಮೊರ ಅವರ ಮುಂದೆ ಹಾಗೇ ಇತ್ತು. ಕಾಕು ಒಂದು ಅಂಗೈಯನ್ನು ಸ್ಪೀಕರ್ ಬಿಗಿದ, ಅದುರುತ್ತಿದ್ದ ಕಂಬಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದರು. ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಹಿಂದೆ ಸೋಬಾನೆಗೆ ಹಾಕುತ್ತಿದ್ದ ಹಾಗೆಯೇ. ಎದೆಗೋ ಕಿವಿಗೋ ಎಂದು ಕಾಕಾ ಇಷ್ಟು ದಿನ ಊರನ್ನೆಲ್ಲ ಕಾಡಿದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು. ನಮ್ಮ ಎದೆಗಳ ಮೇಲೆ ಪರೀಕ್ಷೆ ಮಾಡಿ ಆರಿಸಿದ ಹಾಡುಗಳು ಅವು. ನಾನು ಅಲ್ಲಿಂದ ಕದಲಲಿಲ್ಲ.

ಹಾಡು ಮುಗಿಯಿತು. ಕಾಕು ಕಣ್ಣು ತೆರೆದರು, ಕೈ ಮಾತ್ರ ಕಂಬದ ಮೇಲೆಯೇ ಇತ್ತು.

"ಯಾಕ ನಿಂದ್ರಿಸಿದ್ರಿ?" ಅಂದರು. "ಇನ್ನೊಂದು ಹಚ್ರಿ."

ಕಾಕಾ ಮೊಬೈಲಿನ ಮೇಲೆ ಬೆರಳಾಡಿಸತೊಡಗಿದರು. ಹಾಡು ಹಚ್ಚುವ ಗುಂಡಿಯೇ ಅವರಿಗೆ ಸಿಗಲೊಲ್ಲದು. ಆಮೇಲೆ ನನ್ನ ಕಡೆ ತಿರುಗಿದರು. ಊರಿಗೆಲ್ಲ ಶಿಫಾರಸು ಮಾಡಿದ ಮನುಷ್ಯ ಮೊದಲ ಸಲ ನನ್ನನ್ನು ಕೇಳಿದರು:

"ಯಾವುದ ಹಚ್ಚಲಿ, ತಮ್ಮಾ?"

"'ಟ್ರ್ಯಾಕ್ಟರ್ ಚಾಲೂ ಆಗವಲ್ದು' ಹಚ್ರಿ, ಕಾಕಾ," ಅಂದೆ. "ಅದು ಎದಿಗೇ ಬಡೀತದ."