ಆಸ್ಪತ್ರೆ ಗೇಟಿನ ಹಿತ್ತಾಳೆ ಬಿಲ್ಲೆ

ಏಳು ಬೆಟ್ಟದ ಮೇಲೆ ನಿಂತು ನಮ್ಮ ಗೊಂದಲವನ್ನೆಲ್ಲ ನೋಡಿ ನಗುವ ತಿಮ್ಮಪ್ಪನಿಗೆ ಮೊದಲು ಕೈಮುಗಿಯುತ್ತೇನೆ. ರಾಬರ್ಟ್‌ಸನ್‌ಪೇಟೆಯ ಒಂದು ಆಸ್ಪತ್ರೆಯ ಗೇಟಿನಲ್ಲಿ ನಾನು ಕಾವಲಿದ್ದೆ. ಅಂಗಳದಲ್ಲಿ ಬಂಡಿ ನಿಲ್ಲಿಸಿದರೆ ಎರಡಾಣೆ, ಸೈಕಲ್ಲಿಗೆ ಒಂದಾಣೆ ಎಂದು ಹೊಸ ಕಟ್ಟಳೆ ಬಂತು. ಕಾಯಿಲೆಯ ಗಾಬರಿಯಲ್ಲಿ ಬಂದವರಿಗೆ ಅದು ಅರ್ಥವಾಗುತ್ತಿರಲಿಲ್ಲ. ವಸೂಲಿಗೆ ನಿಂತ ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇದ್ದವು.

ಎತ್ತಿಲ್ಲದ ಬಂಡಿ

ರೈತರೊಬ್ಬರು ಹೊಟ್ಟೆನೋವಿನ ಅಪ್ಪನನ್ನು ಕರೆತಂದರು. ಎರಡಾಣೆಯ ಮಾತು ಕೇಳಿ ಎತ್ತುಗಳನ್ನು ಆಚೆ ಹುಣಿಸೆಮರಕ್ಕೆ ಕಟ್ಟಿ, ಬಂಡಿಯನ್ನು ತಾವೇ ಒಳಗೆ ತಳ್ಳಿಕೊಂಡು ಬಂದರು.

“ಎತ್ತಿಲ್ದಿರೋ ಬಂಡಿ ಬಂಡಿಯಾ ಸೋಮಿ? ಬರೀ ಸೌದೆ. ಸೌದೆಗೂ ಕಾಸಾ?”

ಮಾತು ಸರಿಯೆನ್ನಿಸಿತು. ಆಸ್ಪತ್ರೆಯ ಅಡಿಗೆಮನೆಯಲ್ಲಿ ಸೌದೆ ಮುಗಿದಿದೆಯಂತೆ, ಅಪ್ಪನನ್ನು ಇಳಿಸಿ ಅಲ್ಲಿಗೇ ತಳ್ಳಿಬಿಡಿ ಎಂದೆ, ಒಳ್ಳೆ ಮನಸ್ಸಿನಿಂದಲೇ. ಎರಡಾಣೆ ತಕ್ಷಣ ಕೈಗೆ ಬಂತು.

ಹೆಗಲ ಮೇಲಿನ ಸೈಕಲ್

ಉರಿಗಾಂನ ಗಣಿ ಕೆಲಸಗಾರರೊಬ್ಬರು ಕೆಮ್ಮಿನ ಹೆಂಡತಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ನಿಲ್ಲಿಸಿದರೆ ತಾನೇ ಕಾಸು ಎಂದು ಅದನ್ನು ಹೆಗಲಿಗೇರಿಸಿ ಡಾಕ್ಟರ ಸಾಲಿಗೆ ಸೇರಿದರು. ಈಗ ನಿಂತಿರುವುದು ಸೈಕಲ್ಲೋ ಮನುಷ್ಯನೋ ಎಂದು ನಾನು ಯೋಚಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮಾರನೆಯ ದಿನ ಸೈಕಲ್ ತಳ್ಳಿಕೊಂಡು ಬಂದದ್ದು ಹೆಂಡತಿ. ಹಿಂದೆ ನೋಯುವ ತನ್ನ ಹೆಗಲು ಹಿಡಿದುಕೊಂಡ ಗಂಡ.

“ಇವತ್ತು ಇವ್ರೇ ಪೇಷಂಟು,” ಎಂದು ಆಕೆ ಸೆರಗಿನ ಗಂಟು ಬಿಚ್ಚಿ ಒಂದಾಣೆ ಕೊಟ್ಟರು.

ಅಜ್ಜಿಯ ತಾಯಿತ

ಬಂಡಿ ಬಿಟ್ಟವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆ. ಅದನ್ನು ಹಿಂತಿರುಗಿಸಿದರೇ ಬಂಡಿ ಆಚೆಗೆ. ಬಂಗಾರಪೇಟೆ ಕಡೆಯ ಅಜ್ಜಿಯೊಬ್ಬರು ಜ್ವರದಲ್ಲಿ ಸುಡುತ್ತಿದ್ದ ಮೊಮ್ಮಗಳನ್ನು ತಂದರು. ಮಗು ಉಳಿಯುವುದೇ ಅನುಮಾನವಾಗಿತ್ತು. ನನ್ನ ಅಭ್ಯಾಸದಂತೆ ‘ಗೋವಿಂದಾ’ ಎನ್ನುತ್ತ ಬಿಲ್ಲೆ ಕೊಟ್ಟೆ. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, ಕಪ್ಪು ದಾರದಲ್ಲಿ ಪೋಣಿಸಿ ಮಗುವಿನ ಕೊರಳಿಗೆ ಕಟ್ಟಿಬಿಟ್ಟರು. ದೇವರ ದಯೆ, ಡಾಕ್ಟರ ಮದ್ದು, ಜ್ವರ ಇಳಿಯಿತು.

ಹೊರಡುವಾಗ ಬಿಲ್ಲೆ ಕೇಳಿದೆ. ಅದು ತಾಯಿತವಲ್ಲ, ಬಂಡಿಯ ಗುರುತು ಎಂದು ತಿಳಿಸಿ ಹೇಳಿದೆ.

“ಬಂಡಿ ನೀನೇ ಇಟ್ಕಳಪ್ಪ. ಎತ್ತೂ ಇಟ್ಕೋ. ಇದನ್ನ ಮಾತ್ರ ಬಿಚ್ಚಲ್ಲ,” ಎಂದು ಮಗುವನ್ನೆತ್ತಿಕೊಂಡು ನಡೆದೇ ಹೊರಟರು.

ಹಿಂದೆ ಓಡಿ, ಕರೆತಂದು, ಬಂಡಿ ಕಟ್ಟಿಸಿ, ಬಿಲ್ಲೆಯ ಸಮೇತ ಕಳಿಸಿದೆ.

ಮುಂದಿನ ವಾರ ಅವರ ಊರಿನವರು ಗುಂಪಾಗಿ ಬಂದರು. ಒಬ್ಬರಿಗೂ ಕಾಯಿಲೆಯಿಲ್ಲ. ಎಲ್ಲರೂ ಎರಡಾಣೆ ಹಿಡಿದು, ಬಿಲ್ಲೆ ಕೊಡಿ ಎಂದು ಗೇಟಿನ ಮುಂದೆ ಸಾಲು ನಿಂತರು. ನಾನು ದಿಕ್ಕುತೋಚದೆ, ಬಂಡಿ ಎಲ್ಲಿ ಎಂದು ಕೇಳಿದೆ.

“ಊರಲ್ಲೇ ನಿಂತೈತೆ ಸೋಮಿ,” ಎಂದರು ಮುಂದಿದ್ದವರು. “ಅದಕ್ಕೇ ತಕೊಳ್ಳಿ.”

ಇದನ್ನು ಕೇಳಿದ ನಿಮ್ಮೆಲ್ಲರ ಬಂಡಿಗಳೂ ನಿಮ್ಮ ನಿಮ್ಮ ಮನೆ ಮುಂದೆಯೇ ನಿಂತಿರುವ ಹಾಗೆ ಆ ಸ್ವಾಮಿ ಕಾಯಲಿ.